ಹಬೆ ಬರುವವರೆಗೆ

ಸಾಂಬಾರದ ಪೆಟ್ಟಿಗೆಯಿಂದ ಒಂದು ಚಿಟಿಕೆ ಅರಿಶಿನವನ್ನು ತೆಗೆದು ಒಗ್ಗರಣೆಗೆ ಹಾಕುವ ಗೃಹಿಣಿಯು, ಅದು ಹೊಲದಿಂದ ಹಾಗೆಯೇ ಒಣಗಿ ಬಂದ ಪದಾರ್ಥವೆಂದು ಭಾವಿಸಿದರೆ ತಪ್ಪಿಲ್ಲ. ಹೊಸಿಲಿಗೆ ಹಚ್ಚುವಾಗಲೂ, ಮುತ್ತೈದೆಯರಿಗೆ ಕೊಡುವಾಗಲೂ, ಆ ಹಳದಿಯ ಹಿಂದೆ ಒಂದು ದೊಡ್ಡ ಒಲೆಯೂ ಒಂದು ರಾತ್ರಿಯ ನಿದ್ರಾಭಂಗವೂ ಇರುವುದೆಂದು ಯಾರಿಗೆ ತಾನೆ ತೋರೀತು? ಅರಿಶಿನವು ನಮ್ಮ ಅಡಿಗೆಯ ಮನೆಗೆ ಬರುವ ಮೊದಲೇ ಒಮ್ಮೆ ಬೆಂದಿರುತ್ತದೆ. ಆ ಮೊದಲನೆಯ ಬೇಯುವಿಕೆಯ ಸಂಗತಿಯನ್ನು, ನಮಗೊದಗಿದ ಒಂದು ಪೇಚಾಟದೊಡನೆ, ವಾಚಕರಿಗೆ ನಿವೇದಿಸುತ್ತೇವೆ.

ನಾವು ಚಾಮರಾಜನಗರದ ನಿವಾಸಿಗಳು. ಈ ಊರಿಗೆ ಹಿಂದೆ ಅರಿಕುಠಾರವೆಂದು ಹೆಸರಿದ್ದಿತು; ತಮ್ಮ ತಂದೆಯವರು ಜನಿಸಿದ ಸ್ಥಳವೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಇದಕ್ಕೆ ಈಗಿನ ಹೆಸರನ್ನಿಟ್ಟರು. ನಮ್ಮ ಹೊಲವಾದರೋ ತೆರಕಣಾಂಬಿಯನ್ನು ದಾಟಿ ಗುಂಡ್ಲುಪೇಟೆಯ ಕಡೆಗಿದೆ. ಅಲ್ಲಿಯ ಮನೆಯಲ್ಲಿ ನಮ್ಮ ಅವ್ವ ವಾಸವಾಗಿದ್ದಾಳೆ. ಈ ಎರಡು ತಾಲ್ಲೂಕುಗಳಲ್ಲಿಯೂ ಅರಿಶಿನವು ಹೆಸರುವಾಸಿಯಾದ ಬೆಳೆ. ನೆಟ್ಟ ಗಡ್ಡೆಯು ಎಂಟೊಂಬತ್ತು ತಿಂಗಳು ನೆಲದಲ್ಲಿದ್ದು, ಸಂಕ್ರಾಂತಿ ಕಳೆದ ಮೇಲೆ ಎಲೆಯೊಣಗಿ ಅಗೆತಕ್ಕೆ ಸಿದ್ಧವಾಗುತ್ತದೆ.

ಅಗೆದ ಗಡ್ಡೆಯನ್ನು ಎರಡು ಮೂರು ದಿನಗಳೊಳಗೆ ಬೇಯಿಸಿಬಿಡಬೇಕು. ಬೇಯಿಸಿದರೆ ಅದು ಮತ್ತೆ ಚಿಗುರದು; ಹಸಿ ವಾಸನೆ ಹೋಗುವುದು; ಬಣ್ಣವು ಒಳಗೂ ಹೊರಗೂ ಒಂದೇ ಸಮನಾಗಿ ಹರಡುವುದು; ಬೇಗನೆ ಒಣಗುವುದು. ಬೇಯುವುದು ಕಡಮೆಯಾದರೆ ಕೊಂಬು ಒಣಗಿದ ಮೇಲೆ ಪುಡಿಪುಡಿಯಾಗಿ ಮುರಿಯುತ್ತದೆ. ಹೆಚ್ಚಾದರೆ ಬಣ್ಣ ಕೆಡುತ್ತದೆ. ಒಂಬತ್ತು ತಿಂಗಳ ದುಡಿಮೆಯು ಹೀಗೆ ಒಂದು ಗಳಿಗೆಯ ಹದವನ್ನು ಅವಲಂಬಿಸಿರುತ್ತದೆ.

ಹಿಂದೆ ಈ ಕೆಲಸವು ನಮ್ಮ ಮನೆಯ ತಾಮ್ರದ ಕೊಪ್ಪರಿಗೆಯಲ್ಲಿ ನಡೆಯುತ್ತಿದ್ದಿತು. ಗಡ್ಡೆ ಮುಳುಗುವಷ್ಟು ನೀರು, ಮೇಲೆ ಅರಿಶಿನದ ಒಣ ಎಲೆಯ ಹೊದಿಕೆ, ಕೆಳಗೆ ಸೌದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ನೊರೆಯೆದ್ದು, ಬಿಳಿಯ ಹಬೆಯೊಡನೆ ಅರಿಶಿನದ ಘಮಲು ಹೊಲದ ತುಂಬ ಹರಡುತ್ತಿದ್ದಿತು. ಅವ್ವನು ಒಂದು ಕಡ್ಡಿಯನ್ನು ಚುಚ್ಚಿ ನೋಡಿ, 'ಇಳಿಸಿ' ಎನ್ನುವಳು. ಅವಳ ಮಾತಿಗೆ ಎದುರಿರಲಿಲ್ಲ.

ಈಗ ಕೊಪ್ಪರಿಗೆಯ ಸ್ಥಾನಕ್ಕೆ ಹಬೆಯ ಬಾಯ್ಲರು ಬಂದಿದೆ. ಎರಡು ಗಾಲಿಗಳ ಮೇಲೆ ನಿಂತ ಕಬ್ಬಿಣದ ದೊಡ್ಡ ನೀರಿನ ತೊಟ್ಟಿ, ಅದರಡಿಯಲ್ಲಿ ಒಲೆ, ಪಕ್ಕದಲ್ಲಿ ಗಡ್ಡೆ ತುಂಬುವ ಡ್ರಮ್ಮುಗಳು. ಕೊಳವೆಯ ಮೂಲಕ ಹಬೆಯು ಡ್ರಮ್ಮಿನ ತಳಕ್ಕೆ ಹೋಗಿ ಮೇಲಕ್ಕೇರುತ್ತದೆ. ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಒಯ್ಯುತ್ತಾರೆ. ಇದನ್ನು ಕಂಡ ಮೇಲೆ ಕೊಪ್ಪರಿಗೆಯು ನಮಗೆ ಹಳೆಯ ಹೊರೆಯಾಗಿ ತೋರಿತು. ಕಳೆದ ಆಷಾಢದಲ್ಲಿ ತಂಗಿಯ ಮಗಳ ಓದಿನ ಖರ್ಚಿಗೆ ಹಣ ಸಾಲದೆ, ಅದನ್ನು ತಾಮ್ರದ ತೂಕಕ್ಕೆ ಮಾರಿಬಿಟ್ಟೆವು. ಅವ್ವನಿಗೆ, ನೆಂಟರ ಮನೆಯ ಮದುವೆಗೆ ಕೊಟ್ಟಿದ್ದೇವೆಂದು ಹೇಳಿದ್ದೆವು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಈ ವರ್ಷ ಅಗೆತ ಮುಗಿದ ಮರುದಿನವೇ ಬರಬೇಕಾಗಿದ್ದ ಬಾಯ್ಲರು ಮೂರನೆಯ ದಿನ ಸಂಜೆಗೆ ಹೊರಟಿತು. ಹೊತ್ತು ಉಳಿಯಲೆಂದು ಅದರ ಯಜಮಾನನು ತೊಟ್ಟಿಯ ನೀರನ್ನು ಚೆಲ್ಲದೆ ಹಾಗೆಯೇ ಎಳೆತಂದಿದ್ದನು. ನಾವೂ ಅದನ್ನು ಮೆಚ್ಚಿದೆವು. ನೀರು ತುಂಬಿದ ತೊಟ್ಟಿಯು ತಿರುವಿನಲ್ಲಿ ಒಂದು ಕಡೆಗೆ ತುಳುಕಿದರೆ ಬಂಡಿಯೇ ಆ ಕಡೆಗೆ ವಾಲುವುದೆಂಬುದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಡಾಂಬರು ರಸ್ತೆ ಮುಗಿದು ಹೊಲದ ದಾರಿ ಹಿಡಿಯುವಲ್ಲಿ, ಕಾಲುವೆಯ ಮೋರಿಯ ಅಂಚಿನಲ್ಲಿ, ಬಲದ ಗಾಲಿಯು ಮಣ್ಣಿನಲ್ಲಿ ಹೂತಿತು. ಕಲ್ಲು ಕೊಟ್ಟೆವು, ಹಲಗೆ ಕೊಟ್ಟೆವು, ಹತ್ತು ಜನ ಹೆಗಲು ಕೊಟ್ಟರು, ಅದು ಮಿಸುಕಲಿಲ್ಲ. ಕಡೆಗೆ ನೀರನ್ನೆಲ್ಲ ಚೆಲ್ಲಿದ ಮೇಲೆ ನಾಲ್ಕೇ ಜನರ ಬಲಕ್ಕೆ ಮೇಲೆದ್ದಿತು. ಮೊದಲೇ ಚೆಲ್ಲಿದ್ದರೆ ಗಳಿಗೆಯ ಕೆಲಸ. ಅದಕ್ಕೆ ಮೂರು ಗಂಟೆ ಹಿಡಿಯಿತು.

ಮತ್ತೆ ನೀರು ತುಂಬಬೇಕಷ್ಟೆ? ಕೊಳವೆಬಾವಿಗೆ ವಿದ್ಯುತ್ತು ಬರುವುದು ನಡುರಾತ್ರಿ ಕಳೆದ ಮೇಲೆ. ನಾವು ರಾಶಿಯ ಪಕ್ಕದಲ್ಲಿ ಕುಳಿತೆವು. ಅವ್ವ ಒಂದು ಗಡ್ಡೆಯನ್ನು ಹಿಸುಕಿ ನೋಡಿ, "ಇವತ್ತು ಕೊಪ್ಪರಿಗೆ ಇದ್ದಿದ್ರೆ ಅರ್ಧ ಆಗೋಗಿರದು. ಆ ನೆಂಟರು ಇನ್ನೂ ಕೊಡ್ನಿಲ್ವಾ?" ಎಂದಳು. ಮತ್ತೊಂದು ಸುಳ್ಳು ಬಾಯಿಗೆ ಬಾರದೆ, ಮಾರಿದ ಸಂಗತಿಯನ್ನು ಹೇಳಿಬಿಟ್ಟೆವು. ಅವಳು ಏನನ್ನೂ ಆಡಲಿಲ್ಲ. ಎದ್ದು ಒಳಗೆ ಹೋದಳು.

ಎರಡು ಗಂಟೆಗೆ ನೀರು ಬಂದಿತು, ಒಲೆಗೆ ಬೆಂಕಿಯಿಟ್ಟೆವು. ತಣ್ಣಗಿನ ಕಬ್ಬಿಣವನ್ನೂ ತೊಟ್ಟಿಯ ತುಂಬ ನೀರನ್ನೂ ಕಾಯಿಸುವುದೆಂದರೆ ತಾಳ್ಮೆಯ ಪರೀಕ್ಷೆ. ಮೊದಲು ಹೊಗೆ, ಬಹಳ ಹೊತ್ತು ಬರೀ ಹೊಗೆ. ನೀರು ಕುದಿದೊಡನೆ ಕೆಲಸವಾಯಿತೆಂದೂ ಅಲ್ಲ. ಹಿಮದಷ್ಟು ತಣ್ಣಗಿನ ನೀರನ್ನು ಕುದಿಗೆ ತರಲು ಎಷ್ಟು ಶಾಖ ಬೇಕೋ, ಕುದಿಯುವ ಅಷ್ಟೇ ನೀರನ್ನು ಹಬೆಯಾಗಿಸಲು ಅದರ ಐದು ಪಟ್ಟಿಗೂ ಮಿಗಿಲಾದ ಶಾಖ ಬೇಕು. ಇದನ್ನು ಶಾಲೆಯಲ್ಲಿ ಓದಿದ್ದೆವು. ಸೌದೆ ಹಾಕುವಾಗ ಮರೆತಿದ್ದೆವು. ಹಬೆಯ ಮೊದಲ ಸದ್ದು ಕೇಳಿದೊಡನೆ ಕೊಳವೆಯ ಬಾಯಿ ತೆರೆಯಿಸಿ, ಗಡಿಯಾರ ನೋಡಿಕೊಂಡು, ಯಜಮಾನನು ಹೇಳಿದ 20 ನಿಮಿಷಗಳಾದೊಡನೆ ಮೊದಲನೆಯ ಡ್ರಮ್ಮನ್ನು ಇಳಿಸಲು ಹೇಳಿದೆವು.

ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಮುಂದೆ ಬಂದಿತು. ಅವ್ವ ಕಡ್ಡಿಯೊಡನೆ ನಿಂತಿದ್ದಳು. ಒಂದು ಕೊಂಬಿಗೆ ಚುಚ್ಚಿದಳು; ಕಡ್ಡಿಯು ಅರ್ಧಕ್ಕೇ ನಿಂತಿತು.

"ಇದು ಬೆಂದಿಲ್ಲ ಕಣಪ್ಪ, ಬರೀ ಬೆವರ್ತಾ ಅದೆ" ಎಂದಳು.

ಅವಳು ಡ್ರಮ್ಮಿನ ತಳವನ್ನು ತೋರಿಸಿದಳು. ಅಲ್ಲಿಂದ ನೀರು ಧಾರೆಯಾಗಿ ಸುರಿಯುತ್ತಿದ್ದಿತು. ಒಳಗೆ ಹೋದ ಹಬೆಯೆಲ್ಲ ತಣ್ಣಗಿನ ಡ್ರಮ್ಮಿಗೂ ಗಡ್ಡೆಗೂ ತಗುಲಿ ಮತ್ತೆ ನೀರಾಗಿ ಇಳಿಯುತ್ತಿದ್ದಿತು. ಬೇಯುವ ಕೆಲಸವಿನ್ನೂ ಆರಂಭವೇ ಆಗಿರಲಿಲ್ಲ. ತಳದ ಧಾರೆ ಹನಿಯಾಗಿ, ಮೇಲಿನ ಹೊದಿಕೆಯ ಸುತ್ತಲೂ ಒಂದೇ ಸಮನೆ ಹಬೆ ಹೊರಟ ಮೇಲೆ ಹೊತ್ತನ್ನು ಎಣಿಸತಕ್ಕದ್ದು. ಅವ್ವ ಬಾಯ್ಲರಿನ ಶಾಸ್ತ್ರವನ್ನು ಓದಿದವಳಲ್ಲ. ಇಡ್ಲಿಯ ಪಾತ್ರೆಯಲ್ಲಿ ಹಬೆಯಾಡುವ ಮುನ್ನ ತಟ್ಟೆಯಿಟ್ಟರೆ ಏನಾಗುವುದೆಂದು ಬಲ್ಲವಳು, ಅಷ್ಟೆ. ಗುಂಡ್ಲುಪೇಟೆಯ ಸೀಮೆಯು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದೆಂಬ ವಿಚಾರವನ್ನು ನಾವು ಹೇಳಬಲ್ಲೆವು. ಆದರೆ ಆ ರಾತ್ರಿ ಉಪಯೋಗಕ್ಕೆ ಬಂದುದು ನಮ್ಮ ಡಿಗ್ರಿಯಲ್ಲ, ಅವಳ ಕಡ್ಡಿ.

ಡ್ರಮ್ಮನ್ನು ಮತ್ತೆ ಹಬೆಗೆ ಕೊಟ್ಟೆವು. ಕಡ್ಡಿಯು ಸಲೀಸಾಗಿ ಇಳಿಯಿತು, ಘಮಲೆದ್ದಿತು. ಎರಡನೆಯ ಡ್ರಮ್ಮು ಅಷ್ಟರೊಳಗೆ ಬಿಸಿಯೇರಿದ್ದುದರಿಂದ ಸುಲಭವಾಗಿ ಆಯಿತು. ತಾಯಿಗಡ್ಡೆಗಳನ್ನು ಬೇರೆ, ಕೊಂಬುಗಳನ್ನು ಬೇರೆ ಬೇಯಿಸಿ, ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಕಣದಲ್ಲಿ ಹರಡಿದೆವು. ಕಾಯ್ದ ಮೂರು ದಿನಗಳಲ್ಲಿ ರಾಶಿಯ ಅಂಚಿನ ಗಡ್ಡೆಗಳು ಬಾಡಿದ್ದುದರಿಂದ ಅಲ್ಪಸ್ವಲ್ಪ ನಷ್ಟವಾಯಿತು, ಉಳಿದುದಕ್ಕೆ ಕುಂದಿರಲಿಲ್ಲ. ಒಂದು ಪಕ್ಷದ ಬಿಸಿಲಿನಲ್ಲಿ ಅದು ಒಣಗಿ, ಮುರಿದರೆ ಲೋಹದಂತೆ ಠಣ್ಣೆಂದು ಸದ್ದು ಮಾಡಿತು.

ಬಾಯ್ಲರನ್ನು ಕಳುಹಿಸುವಾಗ, ನೀರನ್ನು ಪೂರ್ತಿಯಾಗಿ ಚೆಲ್ಲಿದ್ದಾನೆಯೇ ಎಂದು ಅವ್ವನೇ ಹೋಗಿ ನೋಡಿ ಬಂದಳು. ಆಮೇಲೆ ಜಗುಲಿಯ ಮೇಲೆ ಕುಳಿತು, ನಮ್ಮ ಮುಖವನ್ನು ನೋಡದೆಯೇ, "ಕೊಪ್ಪರಿಗೇನ ಎಷ್ಟಕ್ಕೆ ಕೊಟ್ಟೆ?" ಎಂದು ಕೇಳಿದಳು. ಹೇಳಿದೆವು.

"ಕಮ್ಮಿಯಾಯ್ತು" ಎಂದಳು.

ಅದಕ್ಕಿಂತ ಹೆಚ್ಚಿನ ಶಿಕ್ಷೆಯನ್ನು ಅವಳು ವಿಧಿಸಲಿಲ್ಲ, ನಮಗೂ ಬೇಕಾಗಿರಲಿಲ್ಲ. ಹೊಸ ಯಂತ್ರವನ್ನು ನಾವು ದೂಷಿಸುವುದಿಲ್ಲ. ಮುಂದಿನ ವರ್ಷವೂ ಅದನ್ನೇ ಕರೆಸುವೆವು. ಆದರೆ ಕರೆಸುವ ದಿನವನ್ನೂ, ಇಳಿಸುವ ಗಳಿಗೆಯನ್ನೂ ಅವ್ವನೇ ನಿಶ್ಚಯಿಸುವಳು. ಮನೆಯಲ್ಲಿ ಏನನ್ನಾದರೂ ಮಾರುವ ಪ್ರಸಂಗ ಬಂದರೆ, ಅವಳನ್ನು ಮೊದಲು ಕೇಳುವೆವು.