ಪಟ್ಟಿಯಲ್ಲಿ ಇಲ್ಲದವರು

ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಒಂದು ಬಿರುದು ತಾನಾಗಿಯೇ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಟಿವಿಯ ರಿಮೋಟ್ ಕೆಟ್ಟರೂ, ಪಕ್ಕದ ಮನೆಯವರ ಫೋನಿನಲ್ಲಿ ಜಾಗ ತುಂಬಿದರೂ, "ಅವಳನ್ನು ಕರೆಯಿರಿ, ಅವಳು ಕಂಪ್ಯೂಟರ್ ಓದುವವಳಲ್ಲವೇ" ಎನ್ನುತ್ತಾರೆ. ನಮ್ಮ ಪಠ್ಯದಲ್ಲಿ ರಿಮೋಟ್ ರಿಪೇರಿಯ ಪಾಠ ಇಲ್ಲ ಎಂದು ಉಮ್ಮನಿಗೆ ಎಷ್ಟು ಹೇಳಿದರೂ ನಂಬುವುದಿಲ್ಲ. ಕಾಲೇಜಿನಲ್ಲೂ ಹಾಗೆಯೇ. ವಿದ್ಯಾರ್ಥಿವೇತನದ ಅರ್ಜಿಗಳ ಸಮಯದಲ್ಲಿ ಕಚೇರಿಯ ಮೇಡಂ ನಮ್ಮ ತರಗತಿಯ ಬಾಗಿಲಿಗೆ ಬಂದು, "ಎಕ್ಸೆಲ್ ಚೆನ್ನಾಗಿ ಬರುವವರು ಯಾರಿದ್ದೀರಿ?" ಎಂದು ಕೇಳಿದಾಗ ನನ್ನ ಬೆಂಚಿನವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು.

ಕೆಲಸ ಏನೆಂದರೆ ಇದು. ಅರ್ಜಿ ಹಾಕಬೇಕಾದ 184 ವಿದ್ಯಾರ್ಥಿಗಳಿಂದ ಮೂರು ಮೂರು ದಾಖಲೆಗಳನ್ನು ಕೇಳಲಾಗಿತ್ತು: ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆದಾಯ ಪ್ರಮಾಣಪತ್ರ. ಯಾರು ವಾಟ್ಸಾಪ್‌ನಲ್ಲಿ ಕಳಿಸಿದರು, ಯಾರು ಪೆನ್ ಡ್ರೈವ್‌ನಲ್ಲಿ ತಂದರು, ಎಲ್ಲವೂ ಕಚೇರಿಯ ಕಂಪ್ಯೂಟರಿನ ಒಂದೇ ಫೋಲ್ಡರ್‌ಗೆ ಬಂದು ಬಿದ್ದಿತ್ತು. ಒಟ್ಟು 538 ಫೈಲುಗಳು. ಯಾರದು ಬಂದಿದೆ, ಯಾರದು ಬಂದಿಲ್ಲ ಎಂಬ ಪಟ್ಟಿ ಪ್ರಾಂಶುಪಾಲರಿಗೆ ಬೇಕಿತ್ತು. ಕೊನೆಯ ದಿನಾಂಕಕ್ಕೆ ಎಂಟು ದಿನ ಉಳಿದಿತ್ತು. ಆದಾಯ ಪ್ರಮಾಣಪತ್ರ ಇಲ್ಲದವರು ನಾಡಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಆರ್‌ಡಿ ಸಂಖ್ಯೆ ಇರುವ ಪ್ರಮಾಣಪತ್ರ ಕೈಗೆ ಬರುವವರೆಗೆ ಕಾಯಬೇಕು. ಆದ್ದರಿಂದ ಯಾರದು ಬಾಕಿ ಎಂಬುದು ಇವತ್ತು ಗೊತ್ತಾಗುವುದಕ್ಕೂ ನಾಲ್ಕು ದಿನ ಬಿಟ್ಟು ಗೊತ್ತಾಗುವುದಕ್ಕೂ ಬಹಳ ವ್ಯತ್ಯಾಸವಿತ್ತು.

ಮೇಡಂ ಎರಡು ದಿನದಿಂದ ಪರದೆ ನೋಡುತ್ತಾ ಒಂದೊಂದೇ ಫೈಲಿನ ಹೆಸರನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡುತ್ತಿದ್ದರು. ನಡುವೆ ಶುಲ್ಕ ಕಟ್ಟುವವರು, ಟಿಸಿ ಕೇಳುವವರು, ಬಸ್ ಪಾಸಿಗೆ ಸಹಿ ಬೇಕಾದವರು. ತೊಂಬತ್ತರ ಹತ್ತಿರ ಬಂದಿದ್ದರು, ಅಷ್ಟೇ. "ಇದನ್ನೆಲ್ಲ ಒಮ್ಮೆಗೇ ಕಾಪಿ ಮಾಡಲು ಆಗುವುದಿಲ್ಲವೇನಮ್ಮಾ?" ಎಂದು ಕೇಳಿದರು.

ಆಗುತ್ತದೆ. ಫೋಲ್ಡರ್‌ನಲ್ಲಿ ಎಲ್ಲ ಫೈಲುಗಳನ್ನು ಆಯ್ಕೆ ಮಾಡಿ ಕಾಪಿ ಒತ್ತಿ ಎಕ್ಸೆಲ್‌ನಲ್ಲಿ ಪೇಸ್ಟ್ ಮಾಡಿದರೆ ಹೆಸರುಗಳು ಬರುವುದಿಲ್ಲ, ಏಕೆಂದರೆ ಅಲ್ಲಿ ಕಾಪಿ ಆಗುವುದು ಫೈಲು, ಅದರ ಹೆಸರಲ್ಲ. ಹೆಸರು ಮಾತ್ರ ಬೇಕಾದರೆ ಕಂಪ್ಯೂಟರಿಗೆ ಬೇರೆ ರೀತಿಯಲ್ಲಿ ಹೇಳಬೇಕು. ವಿಂಡೋಸ್‌ನಲ್ಲಿ ಆ ಫೋಲ್ಡರ್ ತೆರೆದು, ಮೇಲೆ ಅದರ ವಿಳಾಸ ಕಾಣುವ ಜಾಗದಲ್ಲಿ ಕ್ಲಿಕ್ ಮಾಡಿ, ಅಲ್ಲಿರುವುದನ್ನು ಅಳಿಸಿ, ಸಿ ಎಂ ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು ಎಂಟರ್ ಒತ್ತಿ. ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ಡಿ ಐ ಆರ್ ಎಂದು ಬರೆಯಿರಿ. ಅದು 'ಡೈರೆಕ್ಟರಿ' ಎಂಬ ಪದದ ಮೊದಲ ಮೂರು ಅಕ್ಷರ. ಒಂದು ಜಾಗ ಬಿಟ್ಟು / ಗೆರೆ ಹಾಕಿ ಅದಕ್ಕೆ ತಾಗಿಸಿ ಬಿ ಎಂದು ಬರೆಯಿರಿ. ತಾರೀಖು, ಗಾತ್ರ ಏನೂ ಬೇಡ, ಬರೀ ಹೆಸರು ಸಾಕು ಎಂದು ಅದರ ಅರ್ಥ. ಮತ್ತೆ ಜಾಗ ಬಿಟ್ಟು > ಚಿಹ್ನೆ, ಕೊನೆಗೆ ಹೊಸ ಫೈಲಿನ ಹೆಸರು: ಲಿಸ್ಟ್ ಡಾಟ್ ಟಿ ಎಕ್ಸ್ ಟಿ. ಎಂಟರ್ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಸಿದ್ಧ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಎಲ್ಲವನ್ನೂ ಕಾಪಿ ಮಾಡಿ, ಎಕ್ಸೆಲ್‌ನ ಮೊದಲ ಕೋಣೆಯಲ್ಲಿ ಪೇಸ್ಟ್ ಮಾಡಿದರೆ ಸಾಲಿಗೊಂದು ಹೆಸರು ಕುಳಿತುಕೊಳ್ಳುತ್ತದೆ.

ಗಣಿತದಲ್ಲಿ > ಎಂದರೆ 'ಇದಕ್ಕಿಂತ ಹೆಚ್ಚು'. ಕಪ್ಪು ಕಿಟಕಿಯಲ್ಲಿ ಅದರ ಅರ್ಥ, 'ಪರದೆಯ ಮೇಲೆ ತೋರಿಸಬೇಡ, ಈ ಫೈಲಿಗೆ ಸುರಿ'. ಇದು ಯುನಿಕ್ಸ್‌ನಿಂದ ಬಂದದ್ದು. 1983ರಲ್ಲಿ ಡಾಸ್‌ನ ಎರಡನೆಯ ಆವೃತ್ತಿಗೆ ಇದನ್ನು ಸೇರಿಸಿದರು. ನಮ್ಮಲ್ಲಿ ಯಾರೂ ಹುಟ್ಟುವ ಎಷ್ಟೋ ಮೊದಲಿನ ಒಂದು ಚಿಹ್ನೆ ಮೇಡಂ ಅವರ ಎರಡು ದಿನದ ಕೆಲಸವನ್ನು ಒಂದು ಕ್ಷಣದಲ್ಲಿ ಮುಗಿಸಿತು. ಮೇಡಂ ಪರದೆಯನ್ನೂ ನನ್ನನ್ನೂ ನೋಡಿ, "ಇದನ್ನು ಸೋಮವಾರವೇ ಕೇಳಬೇಕಿತ್ತು" ಎಂದು ನಕ್ಕರು.

ಎಕ್ಸೆಲ್‌ನ ಹೊಸ ಆವೃತ್ತಿ ಇದ್ದರೆ ಇಷ್ಟೂ ಬೇಕಾಗಿಲ್ಲ. ಡೇಟಾ ಎಂಬ ವಿಭಾಗದಲ್ಲಿ ಗೆಟ್ ಡೇಟಾ, ಫ್ರಮ್ ಫೈಲ್, ಫ್ರಮ್ ಫೋಲ್ಡರ್ ಎಂದು ಹೋದರೆ ಹೆಸರು, ವಿಧ, ತಾರೀಖು ಎಲ್ಲವೂ ಬೇರೆ ಬೇರೆ ಕಾಲಂಗಳಲ್ಲಿ ಬರುತ್ತವೆ. ಫೋಲ್ಡರ್‌ಗೆ ಹೊಸ ಫೈಲು ಸೇರಿದ ಮೇಲೆ ರಿಫ್ರೆಶ್ ಒತ್ತಿದರೆ ಪಟ್ಟಿಯೂ ಹೊಸದಾಗುತ್ತದೆ. ಕಚೇರಿಯ ಕಂಪ್ಯೂಟರ್ ಹಳೆಯದು, ಅದರಲ್ಲಿ ಆ ಸೌಲಭ್ಯ ಇರಲಿಲ್ಲ. ಕಪ್ಪು ಕಿಟಕಿ ಮಾತ್ರ ಹಳೆಯ ಕಂಪ್ಯೂಟರಿನಲ್ಲೂ ಇರುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಪಟ್ಟಿ ಎಕ್ಸೆಲ್‌ಗೆ ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು.

ಮೊದಲನೆಯದಾಗಿ, ಪಟ್ಟಿಯಲ್ಲಿ 538ರ ಬದಲು 539 ಸಾಲುಗಳಿದ್ದವು. ಕಂಪ್ಯೂಟರ್ ಮೊದಲು ಲಿಸ್ಟ್ ಎಂಬ ಖಾಲಿ ಫೈಲನ್ನು ಸೃಷ್ಟಿಸಿ, ಆಮೇಲೆ ಫೋಲ್ಡರ್‌ನಲ್ಲಿ ಇರುವುದನ್ನೆಲ್ಲ ಓದುತ್ತದೆ. ಹಾಗಾಗಿ ಪಟ್ಟಿಯ ಹೆಸರೂ ಪಟ್ಟಿಯೊಳಗೆ ಬರುತ್ತದೆ. ಅದನ್ನು ಅಳಿಸಿದೆ. ಎರಡನೆಯದಾಗಿ, ಕೆಲವರು ಫೈಲಿಗೆ ಕನ್ನಡದಲ್ಲೇ ಹೆಸರು ಕೊಟ್ಟಿದ್ದರು. ಆ ಸಾಲುಗಳಲ್ಲಿ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿದ್ದವು. ಕಪ್ಪು ಕಿಟಕಿ ಹಳೆಯ ಕಾಲದ ಅಕ್ಷರಪಟ್ಟಿಯನ್ನು ಬಳಸುತ್ತದೆ, ಅದರಲ್ಲಿ ಕನ್ನಡ ಇಲ್ಲ. ಮೊದಲು ಸಿ ಎಚ್ ಸಿ ಪಿ ಎಂದು ಬರೆದು, ಜಾಗ ಬಿಟ್ಟು 65001 ಎಂಬ ಸಂಖ್ಯೆ ಕೊಟ್ಟು ಎಂಟರ್ ಒತ್ತಬೇಕು. ಆಗ ಅದು ಯುನಿಕೋಡ್‌ಗೆ ಬದಲಾಗುತ್ತದೆ. ಆಮೇಲೆ ಪಟ್ಟಿ ತೆಗೆದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ.

ಮೂರನೆಯದು ದೊಡ್ಡ ತೊಂದರೆ. ನಮ್ಮ ಕ್ಲಾಸ್ ಟೀಚರ್‌ಗಳು ಫೈಲಿಗೆ ಹೀಗೆ ಹೆಸರಿಡಿ ಎಂದು ಹೇಳಿದ್ದರು: ಪ್ರವೇಶ ಸಂಖ್ಯೆ, ಅಡಿಗೆರೆ, ಹೆಸರು, ಅಡಿಗೆರೆ, ದಾಖಲೆ. ಹೆಚ್ಚಿನವರು ಪಾಲಿಸಿದ್ದರು. 41 ಫೈಲುಗಳು ಮಾತ್ರ ಫೋನು ಕೊಟ್ಟ ಹೆಸರಿನಲ್ಲೇ ಬಂದಿದ್ದವು. 'ಐಎಂಜಿ' ಎಂದು ಶುರುವಾಗಿ, ತಾರೀಖು, ವಾಟ್ಸಾಪ್‌ನ ಕ್ರಮಸಂಖ್ಯೆ. ಇನ್ನು ಕೆಲವು 'ಆಧಾರ್ ನ್ಯೂ', 'ಆಧಾರ್ ಫೈನಲ್', 'ಆಧಾರ್ ಫೈನಲ್ ಒರಿಜಿನಲ್'. ಯಾರ ಆಧಾರ್ ಎಂಬುದು ಮಾತ್ರ ಎಲ್ಲೂ ಇಲ್ಲ. ಅವನ್ನು ಒಂದೊಂದಾಗಿ ತೆರೆದು ನೋಡಿ ಹೆಸರು ಬದಲಿಸಬೇಕಾಯಿತು. ಅದಕ್ಕೆ ಯಾವ ಕಮಾಂಡೂ ಇಲ್ಲ. ಆ ಕೆಲಸದಲ್ಲಿ ಮೇಡಂ ನನಗಿಂತ ವೇಗ. ಪ್ರಮಾಣಪತ್ರದಲ್ಲಿರುವ ತಂದೆಯ ಹೆಸರು ನೋಡಿದ ಕೂಡಲೇ, "ಇದು ಕಾಮರ್ಸ್ ವಿಭಾಗದ ಹುಡುಗಿ, ಅವಳ ಅಣ್ಣನೂ ಇಲ್ಲೇ ಓದಿದ್ದು" ಎನ್ನುತ್ತಿದ್ದರು.

ಆಮೇಲೆ ಎಕ್ಸೆಲ್‌ನ ಟೆಕ್ಸ್ಟ್ ಟು ಕಾಲಮ್ಸ್ ಬಳಸಿ, ಅಡಿಗೆರೆ ಇರುವಲ್ಲಿ ಹೆಸರನ್ನು ತುಂಡರಿಸಿದೆ. ಪ್ರವೇಶ ಸಂಖ್ಯೆ ಒಂದು ಕಾಲಂ, ಹೆಸರು ಒಂದು, ದಾಖಲೆ ಒಂದು. ಇಲ್ಲಿ ಒಂದು ಎಚ್ಚರಿಕೆ ಬೇಕು. 0045 ಎಂಬ ಪ್ರವೇಶ ಸಂಖ್ಯೆಯನ್ನು ಎಕ್ಸೆಲ್ ತಾನಾಗಿ 45 ಮಾಡುತ್ತದೆ. ಅದು ಸಂಖ್ಯೆಯಲ್ಲ, ಅಕ್ಷರದಂತೆ ಇರಲಿ ಎಂದು ಆ ಕಾಲಂಗೆ ಟೆಕ್ಸ್ಟ್ ಎಂಬ ಆಯ್ಕೆ ಕೊಡಬೇಕು.

ಹೆಸರುಗಳ ಕಾಲಂ ನೋಡಿದಾಗ ನಮ್ಮ ಕಾಲೇಜು ನನಗೆ ಹೊಸದಾಗಿ ಕಂಡಿತು. ಮುಹಮ್ಮದ್ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ರೀತಿಯಲ್ಲಿ ಬರೆದಿದ್ದರು! ಒಬ್ಬರು 'ಯು' ಹಾಕಿದರೆ ಇನ್ನೊಬ್ಬರು 'ಓ' ಹಾಕಿದ್ದಾರೆ. ಕೆಲವರದು ಬರೀ 'ಎಂಡಿ'. ಫಾತಿಮಾ, ಫಾತಿಮತ್, ಫಾತಿಮತುಲ್ ಎಂದು ಶುರುವಾಗುವ ಹುಡುಗಿಯರು ಪ್ರತಿ ವಿಭಾಗದಲ್ಲೂ ಇದ್ದಾರೆ. ಒಂದೇ ಹುಡುಗಿಯ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ. ನಮಗೆ ಅದು ಒಂದೇ ಹೆಸರು. ಮನೆಯಲ್ಲಿ ಕರೆಯುವಾಗ ಯಾರೂ ಸ್ಪೆಲ್ಲಿಂಗ್ ನೋಡುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಒಂದು ಅಕ್ಷರ ಬೇರೆಯಾದರೆ ಮನುಷ್ಯನೇ ಬೇರೆ. ಹೆಸರನ್ನು ಆಧಾರವಾಗಿಟ್ಟುಕೊಂಡು ಪಟ್ಟಿ ಹೋಲಿಸಿದ್ದರೆ ಎಷ್ಟೋ ಮಂದಿ ದಾಖಲೆ ಕೊಟ್ಟೂ ಕೊಡದವರಾಗುತ್ತಿದ್ದರು. ಪ್ರವೇಶ ಸಂಖ್ಯೆ ಏಕೆ ಬೇಕು ಎಂದು ತರಗತಿಯಲ್ಲಿ ಗೊಣಗಿದವರಿಗೆ ಇದೇ ಉತ್ತರ. 'ಪ್ರೈಮರಿ ಕೀ' ಎಂದು ನಾವು ಪರೀಕ್ಷೆಗೆ ಕಲಿಯುವುದೂ ಇದನ್ನೇ.

ಈಗ ಮುಖ್ಯ ವಿಷಯ. ಫೋಲ್ಡರ್‌ನ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಇರುವುದು ಬಂದವರ ಹೆಸರು ಮಾತ್ರ. ಒಂದೂ ದಾಖಲೆ ಕೊಡದವರ ಬಗ್ಗೆ ಅದು ಏನೂ ಹೇಳುವುದಿಲ್ಲ. ಬಾಕಿ ಯಾರು ಎಂದು ತಿಳಿಯಲು ಎರಡನೆಯ ಪಟ್ಟಿ ಬೇಕು. ಅದು ಮೇಡಂ ಅವರ ಪ್ರವೇಶ ಪುಸ್ತಕದಲ್ಲಿತ್ತು. 184 ಪ್ರವೇಶ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಮೂರು ದಾಖಲೆಗಳಿಗೆ ಮೂರು ಕಾಲಂ ಮಾಡಿ, ಪ್ರತಿ ಕೋಣೆಯಲ್ಲೂ ಕೌಂಟ್‌ಇಫ್ಸ್ ಎಂಬ ಸೂತ್ರ ಹಾಕಿದೆ. ಈ ಸಂಖ್ಯೆ, ಈ ದಾಖಲೆ ಫೋಲ್ಡರ್‌ನ ಪಟ್ಟಿಯಲ್ಲಿ ಎಷ್ಟು ಸಲ ಇದೆ ಎಂದು ಅದು ಎಣಿಸುತ್ತದೆ. 1 ಬಂದರೆ ಸರಿ. 2 ಬಂದರೆ ಎರಡು ಸಲ ಕಳಿಸಿದ್ದಾರೆ. 0 ಬಂದರೆ ಇಲ್ಲ. ಸೊನ್ನೆಗಳಿಗೆ ಕೆಂಪು ಬಣ್ಣ ಕೊಟ್ಟೆ.

ಬೇಕಾಗಿದ್ದದ್ದು 552 ದಾಖಲೆಗಳು. ಎರಡೆರಡು ಸಲ ಬಂದ 23 ಫೈಲುಗಳನ್ನು ಕಳೆದರೆ ಇದ್ದದ್ದು 515. ಬಾಕಿ 37. ಅವು 21 ವಿದ್ಯಾರ್ಥಿಗಳದ್ದು. ಅವರಲ್ಲಿ 15 ಮಂದಿಗೆ ಒಂದೋ ಎರಡೋ ದಾಖಲೆ ಬಾಕಿ. ಉಳಿದ ಆರು ಮಂದಿಯ ಸಾಲಿನಲ್ಲಿ ಮೂರೂ ಕೋಣೆ ಕೆಂಪು. ಇದಲ್ಲದೆ, ಡಿ ಐ ಆರ್ ಅನ್ನು ಬಿ ಇಲ್ಲದೆ ಇನ್ನೊಮ್ಮೆ ಕೊಟ್ಟು ಫೈಲುಗಳ ಗಾತ್ರ ನೋಡಿದಾಗ ಮೂರು ಫೈಲುಗಳ ಗಾತ್ರ ಸೊನ್ನೆ ಇತ್ತು. ಹೆಸರಿದೆ, ಒಳಗೆ ಏನೂ ಇಲ್ಲ. ಅವರಿಗೂ ಹೇಳಿ ಕಳಿಸಿದೆವು.

ಆ ಆರು ಮಂದಿಯ ವಿಷಯ. ಇಬ್ಬರು ಟಿಸಿ ತೆಗೆದುಕೊಂಡು ಬೇರೆ ಊರಿಗೆ ಹೋಗಿದ್ದರು. ಇಬ್ಬರು ಕಳೆದ ವರ್ಷದ ವಾಟ್ಸಾಪ್ ಗುಂಪಿಗೆ ಕಳಿಸಿ, ತಲುಪಿದೆ ಎಂದೇ ತಿಳಿದಿದ್ದರು. ಒಬ್ಬನ ಮನೆಯವರು ಈ ವರ್ಷ ಅರ್ಜಿ ಬೇಡ ಎಂದು ತೀರ್ಮಾನಿಸಿದ್ದರು. ಆರನೆಯವಳು ನನ್ನದೇ ತರಗತಿಯವಳು, ನನ್ನಿಂದ ಎರಡು ಬೆಂಚು ಹಿಂದೆ ಕೂರುವವಳು. ಅವಳು ಒಪ್ಪಿದ್ದರಿಂದ ಇಷ್ಟು ಬರೆಯುತ್ತಿದ್ದೇನೆ. ಅವಳ ಹೆಸರು ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಒಂದೇ ರೀತಿ ಇರಲಿಲ್ಲ. "ಹೇಗೂ ತಿರಸ್ಕರಿಸುತ್ತಾರೆ, ಸುಮ್ಮನೆ ಏಕೆ ಕಳಿಸಬೇಕು ಅಂತ ಬಿಟ್ಟೆ" ಎಂದಳು. ಅವಳ ಉಮ್ಮ ಬೀಡಿ ಕಟ್ಟುತ್ತಾರೆ. ತಿದ್ದುಪಡಿಗೆಂದು ಒಂದು ದಿನ ಪೇಟೆಗೆ ಹೋದರೆ ಆ ದಿನದ ಬೀಡಿ ಇಲ್ಲ, ಆ ದಿನದ ಕೂಲಿಯೂ ಇಲ್ಲ. ದಿನವೂ ಒಟ್ಟಿಗೆ ಬಸ್ಸಿನಲ್ಲಿ ಬರುವ ನಮಗೆ ಯಾರಿಗೂ ಅವಳು ಇದನ್ನು ಹೇಳಿರಲಿಲ್ಲ. ಸಹಾಯ ಬೇಕು ಎಂದು ಕೇಳದವರು ಸುಲಭವಾಗಿ ಕಣ್ತಪ್ಪಿ ಹೋಗುತ್ತಾರೆ. ಆ ಸಾಲಿನಲ್ಲಿ ಮೂರು ಸೊನ್ನೆ ಇಲ್ಲದಿದ್ದರೆ ಕೊನೆಯ ದಿನಾಂಕ ಕಳೆದ ಮೇಲೂ ನಮಗೆ ಗೊತ್ತಾಗುತ್ತಿರಲಿಲ್ಲ.

ಮೇಡಂ ಅವಳನ್ನು ಕಚೇರಿಗೆ ಕರೆದು ಕೂರಿಸಿ, ಯಾವುದರಲ್ಲಿ ತಿದ್ದುವುದು ಸುಲಭ, ಯಾವ ಕಾಗದ ಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಪ್ರಾಂಶುಪಾಲರು ಒಬ್ಬ ಉಪನ್ಯಾಸಕರನ್ನು ಜೊತೆಗೆ ಕಳಿಸಿದರು. ಕೊನೆಯ ದಿನದ ಹಿಂದಿನ ಸಂಜೆ ಅವಳ ಅರ್ಜಿ ಹೋಯಿತು. ಇದನ್ನು ಬರೆಯುವ ಹೊತ್ತಿಗೆ ಹಣ ಬಂದಿಲ್ಲ. ಬರುತ್ತದೆ ಎಂಬ ನಿರೀಕ್ಷೆಯಲ್ಲಿದ್ದೇವೆ.

ಪಟ್ಟಿಯ ಬಗ್ಗೆ ಇನ್ನೊಂದು ಮಾತು. 184 ಮನೆಗಳ ಆದಾಯ, ಆಧಾರ್ ಸಂಖ್ಯೆ ಇರುವ ಫೋಲ್ಡರ್ ಮುಂದೆ ಕೂರುವುದು ಸಣ್ಣ ಜವಾಬ್ದಾರಿಯಲ್ಲ. ಕೆಲಸವನ್ನೆಲ್ಲ ಕಚೇರಿಯಲ್ಲೇ, ಮೇಡಂ ಪಕ್ಕದಲ್ಲಿದ್ದಾಗಲೇ ಮಾಡಿದೆ. ಯಾವುದನ್ನೂ ನನ್ನ ಪೆನ್ ಡ್ರೈವ್‌ಗೆ ಹಾಕಿಕೊಳ್ಳಲಿಲ್ಲ. ತರಗತಿಗಳಿಗೆ ಕಳಿಸಿದ ಪಟ್ಟಿಯಲ್ಲಿ ಪ್ರವೇಶ ಸಂಖ್ಯೆ ಮತ್ತು ಬಾಕಿ ಇರುವ ದಾಖಲೆ ಮಾತ್ರ ಇತ್ತು, ಹೆಸರು ಇರಲಿಲ್ಲ. ಯಾರ ಮನೆಯ ಕಷ್ಟವೂ ನೋಟಿಸ್ ಬೋರ್ಡಿಗೆ ಬರಬಾರದು ಎಂದು ಮೇಡಂ ಹೇಳಿದ್ದರು.

ಮುಂದಿನ ವರ್ಷ ಈ ಕೆಲಸ ಪ್ರಥಮ ಪಿಯುಸಿಯ ತಂಗಿಯರಿಗೆ, ತಮ್ಮಂದಿರಿಗೆ ಬರುತ್ತದೆ. ಅವರಿಗಾಗಿ ಸೂತ್ರಗಳಿರುವ ಖಾಲಿ ಹಾಳೆಯೊಂದನ್ನು ಕಚೇರಿಯ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಉಳಿದ ಎಲ್ಲರಲ್ಲೂ ಒಂದೇ ವಿನಂತಿ: ದಾಖಲೆ ಕಳಿಸುವಾಗ ಮೊದಲು ಪ್ರವೇಶ ಸಂಖ್ಯೆ, ಆಮೇಲೆ ಹೆಸರು, ಆಮೇಲೆ ದಾಖಲೆ. ಆಧಾರ್ ಸಂಖ್ಯೆಯನ್ನು ಫೈಲಿನ ಹೆಸರಾಗಿ ಇಡಬೇಡಿ. 'ಫೈನಲ್' ಎಂದು ಬರೆಯಲೇಬೇಡಿ. ಇನ್ನು ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರು ಬೇರೆ ಬೇರೆ ಇರುವವರು ಕೊನೆಯ ವಾರದವರೆಗೆ ಕಾಯದೆ ಈಗಲೇ ಹೋಗಿ ಮೇಡಂ ಅವರನ್ನು ಕಾಣಿ. ಅವರು ಬೈಯುವುದಿಲ್ಲ. ಚೀಟಿಯಲ್ಲಿ ಬರೆದು ಕೊಡುತ್ತಾರೆ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ