ಚಿತ್ರದಲ್ಲಿ ಇಲ್ಲದ ಕ್ರಮಸಂಖ್ಯೆ 23

ಬೋಧನಾ ಅಭ್ಯಾಸದ ಎರಡನೇ ವಾರ. ಒಂಬತ್ತನೇ ತರಗತಿಗೆ ಗಣಿತದಲ್ಲಿ ಗುಂಪು ಚಟುವಟಿಕೆ ಮಾಡಿಸಬೇಕಿತ್ತು. ಯಾರನ್ನು ಯಾರ ಜೊತೆ ಕೂರಿಸುವುದೆಂದು ತಿಳಿಯಲು ಎಲ್ಲರಿಗೂ ಚೀಟಿ ಕೊಟ್ಟೆ: 'ಲೆಕ್ಕ ಬಾರದಿದ್ದಾಗ ಯಾರನ್ನು ಕೇಳುತ್ತೀ? ಇಬ್ಬರ ಹೆಸರು ಬರೆ.' ಮೊರೆನೊ 1934ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಸಮಾಜಮಿತಿ ವಿಧಾನವೇ ಇದು. ಕೈಯಲ್ಲಿ ಬಿಡಿಸುವ ಬದಲು ನಾನು ಪೈಥಾನ್ ಬಳಸಿದೆ.

ಹೆಸರುಗಳ ಬದಲಿಗೆ ಹಾಜರಿ ಕ್ರಮಸಂಖ್ಯೆ ಹಾಕಿ ಎರಡು ಕಾಲಂ ಮಾಡಿದೆ: ಕೇಳುವವರು, ಸಹಾಯ ಮಾಡುವವರು. '12, 7' ಎಂದರೆ 12ರಿಂದ 7ಕ್ಕೆ ಒಂದು ಬಾಣ. ಮೊದಲು ದಿಕ್ಕಿಲ್ಲದ ಗ್ರಾಫ್ ಮಾಡಿದ್ದೆ. ಅದರಲ್ಲಿ ಯಾರು ಯಾರನ್ನು ಕೇಳಿದರೆಂಬುದೇ ತಿಳಿಯಲಿಲ್ಲ. ನೆಟ್‌ವರ್ಕ್‌ಎಕ್ಸ್‌ನ ಡೈಗ್ರಾಫ್‌ಗೆ ಬದಲಾಯಿಸಿದ ಮೇಲೆ ಬಾಣಗಳು ಮೂಡಿದವು. 7ನೇ ಸಂಖ್ಯೆಯ ಕಡೆಗೆ ಒಂಬತ್ತು ಬಾಣಗಳು! ಸಂತೋಷದಿಂದ ಮಾರ್ಗದರ್ಶಕ ಶಿಕ್ಷಕಿಗೆ ತೋರಿಸಿದೆ.

ಅವರು ಕೇಳಿದ್ದು ಒಂದೇ ಮಾತು: "ಎಲ್ಲಾ ಮಕ್ಕಳೂ ಇದ್ದಾರೇನಮ್ಮಾ? ಎಣಿಸಿದೆಯಾ?"

ಹಾಜರಿಯಲ್ಲಿ 38. ಚಿತ್ರದಲ್ಲಿ 37. ಇಲ್ಲದಿದ್ದದ್ದು 23. ಆ ಹುಡುಗಿ ಖಾಲಿ ಚೀಟಿ ಕೊಟ್ಟಿದ್ದಳು; ಅವಳ ಹೆಸರನ್ನೂ ಯಾರೂ ಬರೆದಿರಲಿಲ್ಲ. ಖಾಲಿ ಸಾಲುಗಳನ್ನು ತೆಗೆಯಲು ನಾನೇ ಬರೆದ 'ಡ್ರಾಪ್‌ಎನ್‌ಎ' ಎಂಬ ಆದೇಶ ಅವಳನ್ನು ಅಳಿಸಿತ್ತು. ಜೋಡಿಗಳಿಂದ ಕಟ್ಟಿದ ಗ್ರಾಫ್‌ಗೆ ಜೋಡಿಯಿಲ್ಲದವರು ಗೊತ್ತೇ ಇರುವುದಿಲ್ಲ. ಸಮಾಜಮಿತಿ ಹುಡುಕಬೇಕಾದದ್ದು ಮುಖ್ಯವಾಗಿ ಅವರನ್ನೇ.

ಮರುದಿನ ವಿರಾಮದಲ್ಲಿ ಅವಳನ್ನು ಮಾತನಾಡಿಸಿದೆ. "ಈ ವರ್ಷ ಸೇರಿದ್ದು ಮಿಸ್. ಯಾರನ್ನ ಬರೀಬೇಕು ಗೊತ್ತಾಗ್ಲಿಲ್ಲ," ಎಂದಳು. ಎರಡು ವಾರದಲ್ಲಿ ನಾನು ಅವಳಿಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲವೆಂಬುದು ಆಗ ನೆನಪಾಯಿತು. ಅವಳನ್ನು ಅಳಿಸಿದ್ದು ಕೋಡ್ ಮಾತ್ರವಲ್ಲ.

ಚಿತ್ರವನ್ನು ತರಗತಿಯಲ್ಲಿ ತೋರಿಸಲಿಲ್ಲ. ಕಾರಣ ಹೇಳದೆ ಅವಳನ್ನು 7ನೇ ಸಂಖ್ಯೆಯ ಹುಡುಗಿಯ ಗುಂಪಿಗೆ ಹಾಕಿದೆ. ಮೂರನೇ ದಿನ ಇಬ್ಬರೂ ಒಂದೇ ಲೆಕ್ಕದ ಮೇಲೆ ಜಗಳವಾಡುತ್ತಿದ್ದರು. ಸರಿಯಾಗಿದ್ದದ್ದು 23ರ ಉತ್ತರ.

ಈ ಪ್ರಯೋಗ ಮಾಡುವ ಸಹಪಾಠಿಗಳಿಗೆ ಎರಡು ಮಾತು. 'ಸ್ಪ್ರಿಂಗ್ ಲೇಔಟ್' ಪ್ರತಿ ಬಾರಿ ವೃತ್ತಗಳನ್ನು ಬೇರೆ ಬೇರೆ ಕಡೆ ಇಡುತ್ತದೆ. ಆದ್ದರಿಂದ ಸೀಡ್ ಸಂಖ್ಯೆ ಕೊಡಿ, ಮಗು ಎಲ್ಲಿದೆ ಎಂದು ನೋಡದೆ ಬಾಣಗಳನ್ನು ಎಣಿಸಿ. ಜೋಡಿಗಳನ್ನು ಸೇರಿಸುವ ಮೊದಲು 'ಆಡ್ ನೋಡ್ಸ್ ಫ್ರಮ್' ಬಳಸಿ ಪೂರ್ತಿ ಹಾಜರಿ ಪಟ್ಟಿಯನ್ನು ಸೇರಿಸಿ. ನನ್ನ ಕೋಡ್‌ನಲ್ಲಿ ಗ್ರಾಫ್ ತೆರೆದ ಕೂಡಲೇ ಬರುವ ಸಾಲು ಈಗ ಅದೇ.