ಮಳೆಗಾಲದಾಗ ಬ್ಯಾಡ್ರೀ ಮಹಾಬಳೇಶ್ವರ

ಹುಮನಾಬಾದ್ ಕಡೆಯ ನಮಗೆ ಪ್ರವಾಸ ಅಂದರೆ ಮೊದಲು ಕಣ್ಣು ಹೋಗೋದು ಪಶ್ಚಿಮಕ್ಕೆ. ಮಡಿಕೇರಿ, ಚಿಕ್ಕಮಗಳೂರು ನಾವು ಪೇಪರಿನಲ್ಲಿ ನೋಡುವ ಊರುಗಳು. ಊರ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 65 ಇದೆ. ಅದನ್ನು ಹಿಡಿದರೆ ಸಸ್ತಾಪುರ ಬಂಗ್ಲಾ, ಉಮರ್ಗಾ, ಸೋಲಾಪುರ. ಅಲ್ಲಿಂದ ಪಂಢರಪುರ, ವಾಯಿ ದಾಟಿದರೆ ಮಹಾಬಳೇಶ್ವರ. ನಾನೂರು ಕಿಲೋಮೀಟರಿಗೆ ಮೇಲಾಗುತ್ತದೆ. ಆದರೂ ನಮಗೆ ಅದೇ ಹತ್ತಿರದ ಬೆಟ್ಟದ ಊರು.

ಹೋಗಬೇಕು ಅಂತ ಹಟ ಹಿಡಿದವರು ಮಕ್ಕಳಲ್ಲ, ನಮ್ಮ ಅತ್ತೆ. ಅವರು ಮಾಣಿಕನಗರದ ಮಾಣಿಕಪ್ರಭುಗಳ ಭಕ್ತರು. ದತ್ತನ ಜಾಗಗಳೆಂದು ನರಸೋಬಾವಾಡಿಗೂ ಹೋಗಿ ಬಂದಿದ್ದಾರೆ, ರಾಯಚೂರು ಕಡೆಯ ಕುರುವಪುರಕ್ಕೂ ಹೋಗಿ ಬಂದಿದ್ದಾರೆ. ಎರಡೂ ಕೃಷ್ಣಾ ನದಿಯ ಜಾಗಗಳೇ. "ಹೊಳಿ ನಡೂಕ ನೋಡೀನಿ, ಹುಟ್ಟೋದು ಒಂದ್ ನೋಡ್ಬೇಕು ನೋಡವಾ" ಅಂತ ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ಹಳೇ ಮಹಾಬಳೇಶ್ವರದ ಪಂಚಗಂಗಾ ಗುಡಿಯಲ್ಲಿ ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಐದೂ ಹುಟ್ಟುತ್ತವೆ ಅನ್ನುವುದು ನಂಬಿಕೆ. ಕಲ್ಲಿನ ಆಕಳ ಬಾಯಿಂದ ನೀರು ಬೀಳುತ್ತದೆ.

ಹೋದ ವರ್ಷ ಆಗಸ್ಟ್ 15 ಶುಕ್ರವಾರ ಬಂತು. ಮೂರು ದಿನ ರಜೆ, ಶ್ರಾವಣ ಬೇರೆ. ಮಕ್ಕಳ ಶಾಲೆಯಲ್ಲಿ ಝಂಡಾ ಏರಿಸಿ ಲಾಡು ಹಂಚುವುದು ಮುಗಿದದ್ದೇ ಹೊರಟೆವು. ಮುಂಬೈ, ಪುಣೆಯ ಅರ್ಧ ಜನಕ್ಕೂ ಅವತ್ತೇ ಅದೇ ಯೋಚನೆ ಬಂದಿದೆ ಅಂತ ಗೊತ್ತಾಗಿದ್ದು ವಾಯಿ ದಾಟಿ ಪಸರಣಿ ಘಾಟ್ ಹತ್ತುವಾಗ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ, ನಡುವೆ ಕೆಂಪು ದೀಪಗಳ ಸಾಲು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹೆಂಗಸರು ಎಲ್ಲಿ ಇಳೀಬೇಕು ಹೇಳಿ? ಇದನ್ನು ಯಾವ ಪ್ರವಾಸಿ ಪುಸ್ತಕದಲ್ಲೂ ಬರೆಯೋದಿಲ್ಲ. ಪಂಚಗಣಿಯಿಂದ ಮಹಾಬಳೇಶ್ವರ ಇಪ್ಪತ್ತು ಕಿಲೋಮೀಟರೂ ಇಲ್ಲ. ನಾವು ರೂಮು ಮುಟ್ಟಿದಾಗ ರಾತ್ರಿ ಹನ್ನೊಂದು.

ಮಳೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಬೀದರ್ ಜಿಲ್ಲೆಗೆ ವರ್ಷವಿಡೀ ಬೀಳೋದು 850 ಮಿ.ಮೀ. ಆಸುಪಾಸು. ಅಷ್ಟರಲ್ಲೇ ತೊಗರಿ, ಸೋಯಾ, ಉದ್ದು, ಹೆಸರು ಎಲ್ಲ ಬೆಳೀಬೇಕು. ಹಾಗಾಗಿ ಮಳೆ ಅಂದರೆ ನಮಗೆ ಸಂಭ್ರಮ, ಭಯ ಅಲ್ಲ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿ.ಮೀ. ಮೀರುತ್ತದೆ. 2021ರ ಜುಲೈ 23ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ಅಲ್ಲಿ 594 ಮಿ.ಮೀ. ದಾಖಲಾಗಿತ್ತು. ನಮ್ಮ ಮುಕ್ಕಾಲು ವರ್ಷದ ಮಳೆ ಒಂದೇ ದಿನದಲ್ಲಿ! ಅರಬ್ಬಿ ಸಮುದ್ರದ ಗಾಳಿ ನೇರವಾಗಿ ಬಂದು ಸಹ್ಯಾದ್ರಿಗೆ ಬಡಿಯುವ ಜಾಗ ಅದು. ಹತ್ತಿರದ ಪಂಚಗಣಿಗೆ ಅದರ ಅರ್ಧದಷ್ಟೂ ಮಳೆ ಇಲ್ಲ. ಇದು ಮೊದಲೇ ಗೊತ್ತಿದ್ದರೆ ಪಂಚಗಣಿಯಲ್ಲೋ ವಾಯಿಯಲ್ಲೋ ಉಳಿಯುತ್ತಿದ್ದೆವು.

ರೂಮಿನ ಬಾಡಿಗೆ ಮಾಮೂಲಿಗಿಂತ ಎರಡು ಪಟ್ಟು. ಗೋಡೆ ಬೆವರುತ್ತಿತ್ತು, ಹಾಸಿಗೆ ಹಸಿ, ಬಾಗಿಲು ತೆಗೆದರೆ ಬೂಷ್ಟಿನ ವಾಸನೆ. ಮಕ್ಕಳ ಬಟ್ಟೆ ಶುಕ್ರವಾರ ಒದ್ದೆಯಾದದ್ದು ಹುಮನಾಬಾದಿಗೆ ಬಂದ ಮೇಲೆಯೇ ಒಣಗಿತು.

ಶನಿವಾರ ಪಾಯಿಂಟುಗಳನ್ನು ನೋಡೋಕೆ ಹೋದೆವು. ವಿಲ್ಸನ್ ಪಾಯಿಂಟ್ ಬೆಳ್ಳಗಿತ್ತು. ಕೇಟ್ಸ್ ಪಾಯಿಂಟೂ ಬೆಳ್ಳಗಿತ್ತು. ಅಲ್ಲಿ ಎಷ್ಟು ಆಳದ ಕಣಿವೆ ಇದೆಯೋ, ನಮಗೆ ಕಂಡಿದ್ದು ಕಂಬಿ ಮತ್ತು ಪಕ್ಕದವರ ಛತ್ರಿ. "ಮಮ್ಮಿ, ಇದಾ ನೋಡ್ಲಾಕ ಬಂದೀವೇನು?" ಅಂದಳು ಸಣ್ಣ ಮಗಳು. ಸ್ಟ್ರಾಬೆರಿ ಕೇಳಿದರೆ ಅದು ಚಳಿಗಾಲದ ಬೆಳೆಯಂತೆ. ಬಾಟಲಿಯಲ್ಲಿನ ಸಿರಪ್ ಕುಡಿಸಿ ಸಮಾಧಾನ ಮಾಡಿದೆ. ಲಿಂಗಮಳಾ ಜಲಪಾತ ಮಾತ್ರ ಮಳೆಗಾಲದಲ್ಲೇ ನೋಡಬೇಕು, ಅದನ್ನು ಒಪ್ಪಿಕೊಳ್ಳುತ್ತೇನೆ. ಮಂಜು ಐದು ನಿಮಿಷ ಸರಿದಾಗ ಎಲ್ಲರೂ ಸುಮ್ಮನಾಗಿಬಿಟ್ಟೆವು.

ಆ ರಾತ್ರಿ ಕರೆಂಟು ಹೋಯಿತು. ಅತ್ತೆಗೆ ದಮ್ಮಿನ ಕಾಯಿಲೆ ಹಳೆಯದು. ಪಂಪ್ ಇತ್ತು, ನೆಬ್ಯುಲೈಜರ್ ಯಂತ್ರವನ್ನೂ ನಾನು ಮರೆಯದೆ ಇಟ್ಟುಕೊಂಡಿದ್ದೆ. ಆದರೆ ಅದು ಪ್ಲಗ್ಗಿಗೆ ಹಾಕುವಂಥದ್ದು. ಒಂದು ಗಂಟೆ ಸುಮಾರಿಗೆ ಎದ್ದು ಕೂತರು. ಪಂಪಿಗೆ ಜಗ್ಗಲಿಲ್ಲ. ಎದೆಯಲ್ಲಿ ಸೀಟಿ ಊದಿದ ಹಾಗೆ ಸದ್ದು. ಕೆಳಗೆ ಹೋಗಿ ಬಾಗಿಲು ಬಡಿದರೆ ಹುಡುಗ ನಿದ್ದೆಗಣ್ಣಲ್ಲೇ ಜನರೇಟರ್ ಹತ್ತಕ್ಕೇ ಬಂದ್ ಅಂದ. ಮೊಬೈಲಿಗೆ ಸಿಗ್ನಲ್ ಇಲ್ಲ. ಮಕ್ಕಳನ್ನು ಪಕ್ಕದ ರೂಮಿನ ಕೊಲ್ಹಾಪುರದ ಕುಟುಂಬಕ್ಕೆ ಒಪ್ಪಿಸಿ ಕಾರು ತೆಗೆದೆವು. ಮಂಜಿನಲ್ಲಿ ಬಾನೆಟ್ ಕೂಡ ಕಾಣದು. ನಮ್ಮ ಮನೆಯವರು ಇಳಿದು ಟಾರ್ಚ್ ಹಿಡಿದು ಮುಂದೆ ನಡೆದರು, ನಾನು ಅವರ ರೇನ್‌ಕೋಟಿನ ಬೆನ್ನು ನೋಡುತ್ತಾ ಒಂದನೇ ಗೇರಿನಲ್ಲಿ ಕಾರು ಬಿಟ್ಟೆ. ಹಿಂದಿನ ಸೀಟಿನ ಸೀಟಿ ಸದ್ದು ಒಮ್ಮೊಮ್ಮೆ ಕೇಳದೆ ಹೋದಾಗ ನನ್ನ ಕಾಲು ಬ್ರೇಕಿನ ಮೇಲೆ ನಡುಗುತ್ತಿತ್ತು. "ಅತ್ತೀ" ಅಂತಿದ್ದೆ. "ಹ್ಞೂಂ" ಅಂತಿದ್ದರು.

ಆಸ್ಪತ್ರೆಯಲ್ಲಿ ಕರೆಂಟು ಇತ್ತು. ಇಪ್ಪತ್ತು ನಿಮಿಷ ಹೊಗೆ ಹಿಡಿದ ಮೇಲೆ ಅತ್ತೆ ಅಲ್ಲಿನ ನರ್ಸ್ ಜೊತೆ ಮರಾಠಿಯಲ್ಲಿ ಮಾತಿಗೆ ಶುರು ಮಾಡಿದರು. ಆಗ ನನಗೆ ಅಳು ಬಂತು. ಈ ಥಂಡಿಯಲ್ಲಿ ಇವರನ್ನು ಯಾಕೆ ಕರೆದುಕೊಂಡು ಬಂದಿರಿ ಅಂತ ಡಾಕ್ಟರ್ ಕೇಳಿದರು. ಉತ್ತರ ನಮ್ಮಿಬ್ಬರ ಹತ್ತಿರವೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ, ಅಷ್ಟು ದೂರ ಬಂದು ಬಿಡೋದು ಹೇಗೆ ಅಂತ ಗುಡಿಯ ಕಡೆ ಹೊರಟೆವು. ಊರಿನಿಂದ ಆರು ಕಿಲೋಮೀಟರ್ ಅಷ್ಟೆ. ಒಂದೂವರೆ ಗಂಟೆಯಲ್ಲಿ ಅರ್ಧ ದಾರಿ ಆಯಿತು. ಮುಂದೆ ಇಳಿದು ನಡೆದರೆ ಮಳೆ, ಕಾರಿನಲ್ಲೇ ಕೂತರೆ ಹೊಗೆ. ಎರಡೂ ಅವರ ಎದೆಗೆ ಆಗದು. ಯಾರು ಹೇಳಬೇಕು ಅಂತ ನಾವಿಬ್ಬರೂ ಮುಖ ನೋಡಿಕೊಳ್ಳುವಾಗ ಅತ್ತೆಯೇ ಅಂದರು: "ಗಾಡಿ ತಿರುವಪ್ಪಾ. ಹೊಳಿ ಎಲ್ಲಿಗೂ ಓಡಿ ಹೋಗಲ್ಲ." ಆಮೇಲೆ ಸೋಲಾಪುರದ ತನಕ ಅವರು ಮಾತಾಡಲಿಲ್ಲ.

ರಾತ್ರಿ ಹತ್ತಾಗಿತ್ತು. ಹುಮನಾಬಾದಿಗೆ ಹೋಗದೆ ಸಸ್ತಾಪುರ ಬಂಗ್ಲಾದಲ್ಲಿ ತಿರುಗಿ ನನ್ನ ತವರು ಬಸವಕಲ್ಯಾಣಕ್ಕೆ ಹೋದೆವು. ಸೋಮವಾರ ಮಕ್ಕಳು ಶಾಲೆಗೆ ಚಕ್ಕರ್. ಬೆಳಿಗ್ಗೆ ತುಂತುರು ನಿಂತ ಮೇಲೆ ಎಲ್ಲರೂ ತ್ರಿಪುರಾಂತ ಕೆರೆ ಹತ್ತಿರ ಹೋದೆವು. ಕೆರೆ ತುಂಬಿತ್ತು, ಜನ ಇರಲಿಲ್ಲ. ಅಕ್ಕನಾಗಮ್ಮನ ಗವಿ, ಕೋಟೆ, ಎಲ್ಲೂ ಸಾಲು ಇಲ್ಲ. ಮಳೆಗೆ ತೊಳೆದ ಕೆಂಪು ಕಲ್ಲು, ಗೋಡೆ ಸಂದಿಯಲ್ಲಿ ಹಸಿರು. ಹುಟ್ಟಿ ಬೆಳೆದ ಊರನ್ನು ಮಳೆಗಾಲದಲ್ಲಿ ಹೀಗೆ ನಿಂತು ನೋಡಿ ಎಷ್ಟು ವರ್ಷವಾಗಿತ್ತೋ. ಹೋಗುವ ದಾರಿಯಲ್ಲಿ ಜಲಸಂಗಿಯ ಗುಡಿಗೂ ಹೋಗಿ ಶಾಸನ ಬರೆಯುವ ಶಿಲಾಬಾಲಿಕೆಯನ್ನು ಮಕ್ಕಳಿಗೆ ತೋರಿಸಿದೆವು. ಆ ಚಾಲುಕ್ಯ ವಿಕ್ರಮಾದಿತ್ಯನ ರಾಜಧಾನಿ ನನ್ನ ತವರೇ ಅಂತ ಸ್ವಲ್ಪ ಜಂಬವೂ ಕೊಚ್ಚಿಕೊಂಡೆ.

ಕೆರೆ ದಂಡೆಯಲ್ಲಿ ನಮ್ಮ ಅಪ್ಪ ಅತ್ತೆಗೆ ಒಂದು ಮಾತು ಹೇಳಿದರು. ನಮ್ಮ ಜಿಲ್ಲೆಯ ಬಹುಪಾಲು ನೀರು ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ಆದರೆ ಬಸವಕಲ್ಯಾಣ ತಾಲ್ಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿ ಹಾಗಲ್ಲ. ಅದು ಕಾಗಿಣಾ ಸೇರಿ, ಭೀಮಾ ಸೇರಿ, ಕಡೆಗೆ ಕೃಷ್ಣೆಗೇ ಹೋಗುತ್ತದೆ. "ಕೃಷ್ಣಾದ ಒಂದು ಎಳಿ ನಮ್ಮಲ್ಲೂ ಹುಟ್ತದ್ರೀ ಬೀಗತಿ" ಅಂದರು.

ಅತ್ತೆ ಕೇಳಿ ತಲೆದೂಗಿದರು. "ಖರೇ ಅದ ಬೀಗರ. ಆದ್ರ ಅಕಳ ಬಾಯಾಗಿಂದು ನೋಡ್ಬೇಕಾಗಿತ್ತು" ಅಂದರು.

ಜನವರಿಗೆ ಹೋಗೋದು ಅಂತ ಆಗಿದೆ. ಮಂಗಳವಾರ ಹೊರಟು ಗುರುವಾರ ವಾಪಸು, ಉಳಿಯೋದು ವಾಯಿಯಲ್ಲಿ. ಬ್ಯಾಟರಿಯಿಂದ ನಡೆಯುವ ನೆಬ್ಯುಲೈಜರ್ ಬಂದಿದೆ. ಅತ್ತೆ ವಾರಕ್ಕೊಮ್ಮೆ ಅದನ್ನು ಚಾರ್ಜಿಗೆ ಹಾಕಿ, ಹಸಿರು ದೀಪ ಬಂತೇನು ಅಂತ ಮೊಮ್ಮಗಳನ್ನು ಕರೆದು ತೋರಿಸಿಕೊಳ್ಳುತ್ತಾರೆ.